ಇಂಪ್ಲಾಂಟ್ ಸುತ್ತ ಮೂಳೆ ಕೂಡೋದು ಹೇಗೆ? ಮೂಳೆ ಕಟ್ಟೋ ಸೆಲ್‌ಗಳಿಗಿಂತ ಮೊದಲು ಅಲ್ಲಿಗೆ ಬರೋವ್ರು ಯಾರು?

ಸವೆದ ಸೊಂಟದ ಕೀಲು ತೆಗೆದು ಲೋಹದ ಕೀಲು ಕೂರಿಸಿದ್ರು, ಹಲ್ಲು ಹೋದ ಜಾಗಕ್ಕೆ ಟೈಟೇನಿಯಂ ಸ್ಕ್ರೂ ಹಾಕಿದ್ರು, ಮೂಳೆ ಪುಡಿಯಾಗಿದ್ದ ಕಡೆ ಸೆರಾಮಿಕ್ ಹರಳು ತುಂಬಿದ್ರು ಅಂದ್ರೆ ಬಹಳ ಜನ ಅಂದ್ಕೊಳ್ಳೋದು ಇಷ್ಟು: ಮೆಟೀರಿಯಲ್ ಒಳ್ಳೇದಾಗಿದ್ರೆ ಅದು ಒಳಗೆ ಬಂದಿದೆ ಅಂತ ದೇಹಕ್ಕೆ ಗೊತ್ತೇ ಆಗಲ್ಲ, ಇಮ್ಯೂನ್ ಸಿಸ್ಟಮ್ ಅದರ ತಂಟೆಗೆ ಹೋಗಲ್ಲ, ಮೂಳೆ ನಿಧಾನಕ್ಕೆ ಬೆಳ್ಕೊಂಡು ಬಂದು ಅಂಟ್ಕೊಳ್ಳತ್ತೆ. ಡಾಕ್ಟರುಗಳೂ ವಿಜ್ಞಾನಿಗಳೂ ಬಹಳ ವರ್ಷ ಹೆಚ್ಚುಕಮ್ಮಿ ಹೀಗೇ ಯೋಚನೆ ಮಾಡ್ತಿದ್ರು. ಆದ್ರೆ ಒಳಗೆ ನಡೆಯೋದು ಬೇರೆ. ಒಳಗೆ ಹೋದ ಯಾವ ವಸ್ತುನೂ ದೇಹದ ಕಣ್ಣು ತಪ್ಪಿಸಿಕೊಳ್ಳಲ್ಲ, ಕೆಲವೇ ಸೆಕೆಂಡಲ್ಲಿ ಅದಕ್ಕೆ ಸುದ್ದಿ ಮುಟ್ಟಿರತ್ತೆ, ಆಮೇಲೆ ಅಲ್ಲಿ ಮೂಳೆ ಬೆಳೀಬೇಕಾ ಇಲ್ಲಾ ಬರೀ ನಾರಿನ ಪದರ ಕಟ್ಟಬೇಕಾ ಅನ್ನೋ ತೀರ್ಮಾನದಲ್ಲಿ ದೊಡ್ಡ ಪಾಲು ಇಮ್ಯೂನ್ ಸೆಲ್‌ಗಳದ್ದೇ.

ಟೈಟೇನಿಯಂ ಕತೆಯಿಂದಲೇ ಹಿಡಿಯೋಣ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅನ್ನೋ ವೈದ್ಯರು ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯತ್ತೆ ಅಂತ ನೋಡೋಕೆ ಟೈಟೇನಿಯಂನ ಸಣ್ಣ ಚೇಂಬರ್ ಕೂರಿಸಿದ್ರು, ಪ್ರಯೋಗ ಮುಗಿದ್ಮೇಲೆ ಅದನ್ನ ಕಿತ್ತು ಇನ್ನೊಂದು ಸಲ ಬಳಸೋಣ ಅಂದ್ರೆ ಬರಲೇ ಇಲ್ಲ, ಮೂಳೆ ಅದರ ಜೊತೆ ಒಂದಾಗಿಬಿಟ್ಟಿತ್ತು. ಇದಕ್ಕೇ ಆಸಿಯೋಇಂಟಿಗ್ರೇಷನ್ ಅಂತಾರೆ. 1965ರಲ್ಲಿ ಮೊದಲ ಸಲ ಮನುಷ್ಯರ ದವಡೆಗೂ ಟೈಟೇನಿಯಂ ಸ್ಕ್ರೂ ಹಾಕಿದ್ರು. ಟೈಟೇನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ತಾನಾಗೇ ಕಟ್ಟತ್ತೆ, ಅದು ಸುಲಭಕ್ಕೆ ಕರಗಲ್ಲ, ಹಾಗಾಗಿ ದೇಹಕ್ಕೆ ಇದರಿಂದ ಏನೂ ಅನಿಸಲ್ಲ ಅನ್ನೋದೇ ಆಗಿನ ವಿವರಣೆ. ಬ್ರೋನೆಮಾರ್ಕ್ ಜೊತೆಗೇ ಕೆಲಸ ಮಾಡಿದ ಥಾಮಸ್ ಆಲ್ಬ್ರೆಕ್ಟ್‌ಸನ್ ಮುಂದೆ ಇದನ್ನ ಒಪ್ಪಲಿಲ್ಲ. ಟೈಟೇನಿಯಂ ಸುತ್ತ ಮೂಳೆ ಕಟ್ಟೋದೂ ಹೊರಗಿನ ವಸ್ತುವಿನ ವಿರುದ್ಧ ದೇಹ ತೋರಿಸೋ ಪ್ರತಿಕ್ರಿಯೆನೇ, ಆ ವಸ್ತುನ ಮೂಳೆ ಬಳಸಿ ಸುತ್ತುವರಿದು ಉಳಿದ ದೇಹದಿಂದ ಬೇರೆ ಮಾಡ್ತಾ ಇದೆ, ನಮ್ಮ ಅದೃಷ್ಟಕ್ಕೆ ಅದು ಉಪಯೋಗಕ್ಕೆ ಬರ್ತಿದೆ ಅಂತ ಅವರ ವಾದ. ಮೊಲಗಳಲ್ಲಿ ಇದನ್ನ ಪರೀಕ್ಷೆನೂ ಮಾಡಿದ್ರು: ಮೂಳೆಯಲ್ಲಿ ಒಂದೇ ಥರದ ತೂತು ಕೊರೆದು ಒಂದರಲ್ಲಿ ಟೈಟೇನಿಯಂ ಇಟ್ಟು ಇನ್ನೊಂದನ್ನ ಖಾಲಿ ಬಿಟ್ರು, ನಾಲ್ಕು ವಾರ ಕಳೆದ್ಮೇಲೂ ಟೈಟೇನಿಯಂ ಪಕ್ಕದ ಜಾಗದಲ್ಲಿ ಇಮ್ಯೂನ್ ಚಟುವಟಿಕೆ ಖಾಲಿ ತೂತಿನದ್ದಕ್ಕಿಂತ ಬೇರೆ ಥರಾನೇ ನಡೀತಾ ಇತ್ತು. ನನಗಂತೂ ಈ ಇಡೀ ವಿಷಯದಲ್ಲಿ ಬಹಳ ಹಿಡಿಸಿದ್ದು ಇದೇ, ಯಾಕಂದ್ರೆ ಇದನ್ನ ಒಪ್ಕೊಂಡ್ರೆ ಆಮೇಲೆ ಕೇಳಬೇಕಾದ ಪ್ರಶ್ನೆಗಳೇ ಬದಲಾಗ್ತವೆ.

ಈಗ ಸ್ವಲ್ಪ ಹತ್ತಿರದಿಂದ ನೋಡೋಣ. ಸರ್ಜನ್ ಮೂಳೆ ಕೊರೀತಾರೆ, ರಕ್ತ ಬರತ್ತೆ, ಸ್ಕ್ರೂ ಒಳಗೆ ಹೋಗತ್ತೆ. ಸೆಲ್‌ಗಳು ಯಾವುದೂ ಇನ್ನೂ ಬಂದಿರಲ್ಲ, ಅಷ್ಟರಲ್ಲೇ ರಕ್ತದ ಪ್ರೋಟೀನ್‌ಗಳು ಲೋಹದ ಮೈಗೆ ಮೆತ್ಕೊಂಡಿರ್ತವೆ. ರಕ್ತದಲ್ಲಿ ಜಾಸ್ತಿ ಇರೋ, ಬೇಗ ಚಲಿಸೋ ಆಲ್ಬುಮಿನ್ ಥರದವು ಮೊದಲು ಕೂರ್ತವೆ, ಆಮೇಲೆ ನಿಧಾನಕ್ಕೆ ಬಂದ್ರೂ ಗಟ್ಟಿಯಾಗಿ ಹಿಡಿಯೋ ಪ್ರೋಟೀನ್‌ಗಳು ಅವನ್ನ ತಳ್ಳಿ ಆ ಜಾಗ ತಗೋತವೆ, ಇದಕ್ಕೆ ವ್ರೋಮನ್ ಎಫೆಕ್ಟ್ ಅಂತ ಹೆಸರು. ಇಲ್ಲಿ ಒಂದು ಸೂಕ್ಷ್ಮ ಇದೆ. ಮುಂದೆ ಬರೋ ಸೆಲ್‌ಗಳು ಬರಿಯ ಟೈಟೇನಿಯಂ ಮುಟ್ಟೋದೇ ಇಲ್ಲ, ಅವು ಮುಟ್ಟೋದು ಈ ಪ್ರೋಟೀನ್ ಪದರವನ್ನ. ಫೈಬ್ರಿನೋಜೆನ್ ಅನ್ನೋ ಪ್ರೋಟೀನ್ ರಕ್ತದಲ್ಲಿ ತೇಲ್ತಾ ಇರೋವಾಗ ಯಾರ ಗಮನಕ್ಕೂ ಬರಲ್ಲ, ಆದ್ರೆ ಒಂದು ಮೇಲ್ಮೈಗೆ ಅಂಟಿ ಸ್ವಲ್ಪ ಬಿಚ್ಕೊಂಡ್ರೆ ಅದರೊಳಗೆ ಅಡಗಿದ್ದ ಭಾಗಗಳು ಹೊರಗೆ ಕಾಣ್ತವೆ, ಆ ಭಾಗಗಳನ್ನ ಹಿಡ್ಕೊಳ್ಳೋ ರಿಸೆಪ್ಟರ್ ಇಮ್ಯೂನ್ ಸೆಲ್‌ಗಳ ಮೈಮೇಲೆ ಮೊದಲೇ ಇದ್ದಾವೆ. ಹಾಗಾಗಿ ಲೋಹದ ಮೈ ನುಣುಪಾಗಿದ್ಯಾ ಒರಟಾ, ನೀರು ಹಿಡಿಯತ್ತಾ ಜಾರಿಸತ್ತಾ ಅನ್ನೋದೆಲ್ಲಾ ಯಾವ ಪ್ರೋಟೀನ್ ಯಾವ ಭಂಗಿಯಲ್ಲಿ ಕೂರತ್ತೆ ಅನ್ನೋದರ ಮೂಲಕ ಸೆಲ್‌ಗಳಿಗೆ ತಲುಪತ್ತೆ.

ಮೊದಲು ಓಡಿ ಬರೋವು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು, ಕೆಲವೇ ಗಂಟೆಯಲ್ಲಿ. ಇವುಗಳ ಆಯಸ್ಸು ಕಮ್ಮಿ, ಬ್ಯಾಕ್ಟೀರಿಯಾ ಇದ್ರೆ ಕೊಲ್ತವೆ, ಸತ್ತ ಚೂರುಪಾರು ಕ್ಲೀನ್ ಮಾಡ್ತವೆ, ಉಳಿದವ್ರನ್ನ ಕರೆಯೋ ಕೆಮಿಕಲ್ ಸಿಗ್ನಲ್ ಬಿಡ್ತವೆ, ಸಾಯ್ತವೆ. ಒಂದೆರಡು ದಿನದಲ್ಲಿ ಇವು ಕಮ್ಮಿಯಾಗಬೇಕು, ಆಗದೇ ಅಲ್ಲೇ ಬೀಡು ಬಿಟ್ರೆ ಅವು ಉಗುಳೋ ಎಂಜೈಮ್‌ಗಳೇ ಸುತ್ತಲಿನ ಟಿಶ್ಯೂ ಹಾಳು ಮಾಡ್ತವೆ. ಇವುಗಳ ಹಿಂದೆನೇ ರಕ್ತದಿಂದ ಮೊನೋಸೈಟ್ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಂದು, ಹೊರಗಿನ ವಸ್ತುನ ನುಂಗೋ ಮ್ಯಾಕ್ರೋಫೇಜ್ ಅನ್ನೋ ಸೆಲ್ ಆಗಿ ಬದಲಾಗ್ತವೆ. ಇಡೀ ವಿಷಯದ ಮುಖ್ಯ ಪಾತ್ರ ಇವುಗಳದ್ದೇ.

ಮ್ಯಾಕ್ರೋಫೇಜ್ ಥರದ ಸೆಲ್‌ಗಳು ಏನು ಮಾಡ್ತವೆ ಅಂತ ಮನುಷ್ಯರಿಗೆ ಮೊದಲು ಹೊಳೆದಿದ್ದೇ ಹೊರಗಿನ ವಸ್ತು ಚುಚ್ಚಿ ನೋಡಿದಾಗ ಅನ್ನೋದು ಇಲ್ಲಿ ಹೇಳ್ಲೇಬೇಕು. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಪಾರದರ್ಶಕವಾಗಿರೋ ನಕ್ಷತ್ರಮೀನಿನ ಮರಿಗೆ ಒಂದು ಮುಳ್ಳು ಚುಚ್ಚಿ ಇಟ್ರು, ಮಾರನೇ ದಿನ ಬೆಳಗ್ಗೆ ನೋಡಿದ್ರೆ ಮುಳ್ಳಿನ ಸುತ್ತ ಅಲೆದಾಡೋ ಸೆಲ್‌ಗಳು ಮುತ್ಕೊಂಡಿದ್ವು. ಈ ದಾರಿಯ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು. ಇವತ್ತು ಸೊಂಟದ ಇಂಪ್ಲಾಂಟ್ ಸುತ್ತ ನಡೆಯೋ ಮೊದಲ ಹಂತಕ್ಕೂ ಅವರು ಅವತ್ತು ಕಂಡಿದ್ದಕ್ಕೂ ಅಂಥಾ ದೊಡ್ಡ ದೂರ ಏನಿಲ್ಲ.

ಮ್ಯಾಕ್ರೋಫೇಜ್‌ಗಳಿಗೆ ಒಂದೇ ಸ್ವಭಾವ ಇರಲ್ಲ. ಪುಸ್ತಕಗಳಲ್ಲಿ ಎಂ1, ಎಂ2 ಅಂತ ಎರಡು ಗುಂಪು ಮಾಡಿರ್ತಾರೆ: ಎಂ1 ಅಂದ್ರೆ ಟಿಎನ್‌ಎಫ್, ಐಎಲ್-1 ಥರದ ಸಿಗ್ನಲ್ ಬಿಟ್ಟು ಉರಿಯೂತ ಹೆಚ್ಚಿಸೋವು, ಎಂ2 ಅಂದ್ರೆ ಐಎಲ್-10, ಟಿಜಿಎಫ್-ಬೀಟಾ ಥರದವು ಬಿಟ್ಟು ಉರಿಯೂತ ಇಳಿಸಿ ರಿಪೇರಿಗೆ ದಾರಿ ಮಾಡೋವು. ನಿಜವಾದ ಟಿಶ್ಯೂ ಒಳಗೆ ಇಷ್ಟು ಕ್ಲೀನಾಗಿ ಎರಡು ಭಾಗ ಇರಲ್ಲ, ಒಂದೇ ಸೆಲ್ ಎರಡರ ಲಕ್ಷಣನೂ ತೋರಿಸ್ತಾ ಮಧ್ಯದಲ್ಲೆಲ್ಲೋ ಇರತ್ತೆ, ಆದ್ರೂ ಮಾತಾಡೋಕೆ ಈ ಹೆಸರುಗಳು ಅನುಕೂಲ. ಇದನ್ನ ಓದಿದ ತಕ್ಷಣ ಎಲ್ರಿಗೂ ಅನಿಸೋದು ಎಂ1 ಕೆಟ್ಟದ್ದು, ಎಂ2 ಒಳ್ಳೇದು, ಹಂಗಾದ್ರೆ ಇಂಪ್ಲಾಂಟ್ ಹಾಕಿದ ದಿನದಿಂದಲೇ ಉರಿಯೂತ ನಿಲ್ಲಿಸಿ ಎಲ್ಲಾನೂ ಎಂ2 ಮಾಡಿಬಿಟ್ರೆ ಆಯ್ತಲ್ಲ ಅಂತ. ಬಯೋಮೆಟೀರಿಯಲ್ ಫೀಲ್ಡಲ್ಲೂ ಒಂದಷ್ಟು ಕಾಲ ಇದೇ ಆಸೆ ಇತ್ತು. ಅದು ಕೆಲಸ ಮಾಡಲ್ಲ.

ಯಾಕಂದ್ರೆ ಶುರುವಿನ ಉರಿಯೂತನೇ ಮೂಳೆ ಕೂಡೋ ಕೆಲಸಕ್ಕೆ ಚಾಲನೆ ಕೊಡೋದು. ಟಿಎನ್‌ಎಫ್ ಸಿಗ್ನಲ್ ಕೆಲಸ ಮಾಡದ ಹಾಗೆ ಬದಲಾಯಿಸಿದ ಇಲಿಗಳಲ್ಲಿ ಮುರಿದ ಮೂಳೆ ತಡವಾಗಿ ಕೂಡತ್ತೆ. ಔಷಧ ಕೊಟ್ಟು ಮ್ಯಾಕ್ರೋಫೇಜ್‌ಗಳನ್ನೇ ಖಾಲಿ ಮಾಡಿದ್ರೆ ಮುರಿದ ಜಾಗದಲ್ಲಿ ಹೊಸ ಮೂಳೆ ಸರಿಯಾಗಿ ಹುಟ್ಟಲ್ಲ. ನೋವು ಮತ್ತು ಉರಿಯೂತಕ್ಕೆ ಸಂಬಂಧಪಟ್ಟ ಕಾಕ್ಸ್-2 ಅನ್ನೋ ಎಂಜೈಮ್ ಇಲ್ಲದ ಇಲಿಗಳಲ್ಲೂ ಇದೇ ಕತೆ. ಉರಿಯೂತದ ಮ್ಯಾಕ್ರೋಫೇಜ್‌ಗಳು ಬಿಡೋ ಆಂಕೋಸ್ಟಾಟಿನ್-ಎಂ ಅನ್ನೋ ಸಿಗ್ನಲ್ ಸ್ಟೆಮ್ ಸೆಲ್‌ಗಳಿಗೆ ಮೂಳೆ ಕಟ್ಟೋ ದಾರಿ ಹಿಡಿಯೋಕೆ ಹೇಳತ್ತೆ. ಅಂದ್ರೆ ಎಂ1 ಮೊದಲು ಬರಬೇಕು, ಕೆಲವು ದಿನ ಜೋರಾಗಿ ಕೆಲಸ ಮಾಡಬೇಕು, ಆಮೇಲೆ ಟೈಮಿಗೆ ಸರಿಯಾಗಿ ಎಂ2ಗೆ ಜಾಗ ಬಿಡಬೇಕು. ಉಳುಮೆ ಆಗದೆ ಬಿತ್ತೋಕಾಗಲ್ಲ, ಹಾಗಂತ ವರ್ಷಪೂರ್ತಿ ಉಳ್ತಾನೇ ಇದ್ರೆ ಬೆಳೆನೂ ಬರಲ್ಲ, ಹಂಗೆ. ಎಂ2 ಹಂತಕ್ಕೆ ಬಂದ ಮ್ಯಾಕ್ರೋಫೇಜ್‌ಗಳು ಹೊಸ ರಕ್ತನಾಳ ಬೆಳೆಸೋ ಮತ್ತು ಮೂಳೆ ಹುಟ್ಟಿಸೋ ಫ್ಯಾಕ್ಟರ್‌ಗಳನ್ನ ಬಿಡ್ತವೆ, ಅಲ್ಲಿಂದ ಮುಂದೆ ಆಸ್ಟಿಯೋಬ್ಲಾಸ್ಟ್ ಅನ್ನೋ ಮೂಳೆ ಕಟ್ಟೋ ಸೆಲ್‌ಗಳಿಗೆ ಕೆಲಸ ಸಲೀಸು.

ಮೂಳೆ ಕರಗಿಸೋ ಸೆಲ್ ಒಂದಿದೆಯಲ್ಲ, ಆಸ್ಟಿಯೋಕ್ಲಾಸ್ಟ್, ಅದು ಯಾರ ಮನೆಯದ್ದು ಗೊತ್ತಾದ್ರೆ ಇದೆಲ್ಲಾ ಇನ್ನೂ ಸ್ಪಷ್ಟ ಆಗತ್ತೆ. ಅದು ಮ್ಯಾಕ್ರೋಫೇಜ್ ವಂಶದ್ದೇ. ಒಂದೇ ಪೂರ್ವಜ ಸೆಲ್‌ಗೆ ರ‍್ಯಾಂಕ್‌ಎಲ್ ಅನ್ನೋ ಸಿಗ್ನಲ್ ಸಿಕ್ಕಿದ್ರೆ ಹಲವು ಸೆಲ್ ಸೇರಿ ಒಂದಾಗಿ ಆಸ್ಟಿಯೋಕ್ಲಾಸ್ಟ್ ಆಗ್ತವೆ, ಮೂಳೆಗೆ ಅಂಟ್ಕೊಂಡು ಆಸಿಡ್ ಬಿಟ್ಟು ಖನಿಜ ಕರಗಿಸ್ತವೆ. ಆ ರ‍್ಯಾಂಕ್‌ಎಲ್ ಕೊಡೋವು ಮೂಳೆಯ ಸೆಲ್‌ಗಳು ಮಾತ್ರ ಅಲ್ಲ, ಟಿ ಸೆಲ್ ಅನ್ನೋ ಇಮ್ಯೂನ್ ಸೆಲ್‌ಗಳೂ ಚುರುಕಾದಾಗ ಕೊಡ್ತವೆ. 1990ರ ದಶಕದ ಕೊನೆಗೆ ಇದು ಗೊತ್ತಾದ್ಮೇಲೆ ಮೂಳೆ ಬೇರೆ, ಇಮ್ಯೂನ್ ಸಿಸ್ಟಮ್ ಬೇರೆ ಅಂತ ಓದೋದಕ್ಕೆ ಅರ್ಥನೇ ಇಲ್ಲ ಅನ್ನಿಸಿ 2000ದಲ್ಲಿ ಆಸ್ಟಿಯೋಇಮ್ಯೂನಾಲಜಿ ಅನ್ನೋ ಹೆಸರೇ ಹುಟ್ಕೊಳ್ತು. ರ‍್ಯಾಂಕ್‌ಎಲ್ ತಡೆಯೋ ಡೆನೋಸುಮ್ಯಾಬ್ ಅನ್ನೋ ಇಂಜೆಕ್ಷನ್ 2010ರಿಂದ ಮೂಳೆ ಸವೆತಕ್ಕೆ ಬಳಕೆಯಲ್ಲಿದೆ. ಹೊಸ ಮೂಳೆ ಹುಟ್ಟೋ ಜಾಗದಲ್ಲೇ ಮೂಳೆಮಜ್ಜೆಯೊಳಗೆ ಇಮ್ಯೂನ್ ಸೆಲ್‌ಗಳೂ ಹುಟ್ಟೋದು, ಅವು ಪರಸ್ಪರ ಮಾತಾಡ್ದೇ ಇರೋಕೆ ಹೇಗೆ ಸಾಧ್ಯ.

ಈ ಸಂಬಂಧ ಕೆಟ್ರೆ ಏನಾಗತ್ತೆ ಅನ್ನೋದಕ್ಕೆ ಸೊಂಟದ ಕೀಲಿನ ಇತಿಹಾಸಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಕೃತಕ ಕೀಲಿನ ಬಟ್ಟಲನ್ನ ಟೆಫ್ಲಾನ್‌ನಿಂದ ಮಾಡಿದ್ರು, ಅದು ಜಾರತ್ತೆ, ಯಾವ ರಾಸಾಯನಿಕದ ಜೊತೆಗೂ ಸೇರಲ್ಲ, ಅದಕ್ಕಿಂತ ನಿರುಪದ್ರವಿ ವಸ್ತು ಇನ್ನೇನು ಬೇಕು ಅಂತ. ಶುರುವಿನಲ್ಲಿ ರೋಗಿಗಳು ಆರಾಮಾಗಿ ಓಡಾಡಿದ್ರು. ಕೆಲವೇ ವರ್ಷದಲ್ಲಿ ಟೆಫ್ಲಾನ್ ಸವೆದು ಪುಡಿ ಉದುರೋಕೆ ಶುರುವಾಯ್ತು, ಕೀಲು ಸಡಿಲ ಆಯ್ತು, ಸುತ್ತ ಗಂಟುಗಂಟಾಗಿ ಉರಿಯೂತದ ಟಿಶ್ಯೂ ಬೆಳೀತು, ನೂರಾರು ಜನರಿಗೆ ಹಾಕಿದ್ದ ಕೀಲು ಮತ್ತೆ ಆಪರೇಷನ್ ಮಾಡಿ ತೆಗೀಬೇಕಾಯ್ತು. ಪುಡಿಯಿಂದ ನಿಜವಾಗ್ಲೂ ಹೀಗಾಗತ್ತಾ ಅಂತ ತಿಳ್ಕೊಳ್ಳೋಕೆ ಚಾರ್ನ್ಲಿ ತಮ್ಮದೇ ತೊಡೆಯೊಳಗೆ ಆ ಟೆಫ್ಲಾನ್ ಇಟ್ಕೊಂಡು ನೋಡಿದ್ರು, ಅಲ್ಲೂ ಗಂಟು ಕಟ್ಟಿತು. ಅಷ್ಟು ಜವಾಬ್ದಾರಿ ಮೈಮೇಲೆ ಹಾಕ್ಕೊಂಡ ಸರ್ಜನ್ ಬಗ್ಗೆ ಗೌರವ ಬಾರದೇ ಇರಲ್ಲ. 1962ರಲ್ಲಿ ಅವರು ಪಾಲಿಎಥಿಲೀನ್ ಬಟ್ಟಲಿಗೆ ಬದಲಾದ್ರು, ಅದು ಎಷ್ಟೋ ಜಾಸ್ತಿ ಬಾಳಿಕೆ ಬಂತು, ಇವತ್ತಿನ ಸೊಂಟದ ಕೀಲುಗಳು ಅದೇ ದಾರಿಯವು.

ಆದ್ರೆ ಪಾಲಿಎಥಿಲೀನ್ ಕೂಡ ಸವೆಯತ್ತೆ. ಹೆಜ್ಜೆ ಹೆಜ್ಜೆಗೂ ಕಣ್ಣಿಗೆ ಕಾಣದ ಚೂರುಗಳು ಉದುರ್ತವೆ, ಬಹಳಷ್ಟು ಒಂದು ಮೈಕ್ರಾನ್‌ಗಿಂತ, ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತ, ಸಣ್ಣವು. ಈ ಸೈಜ್ ಬ್ಯಾಕ್ಟೀರಿಯಾದ ಸೈಜಿಗೆ ಹತ್ತಿರ, ಹಾಗಾಗಿ ಮ್ಯಾಕ್ರೋಫೇಜ್ ಸಲೀಸಾಗಿ ನುಂಗತ್ತೆ. ನುಂಗಿದ್ಮೇಲೆ ಜೀರ್ಣ ಮಾಡೋಕೆ ಎಂಜೈಮ್ ಸುರಿಯತ್ತೆ, ಪ್ಲಾಸ್ಟಿಕ್ ಕರಗಲ್ಲ. ಸೆಲ್ ಒದ್ದಾಡತ್ತೆ, ಟಿಎನ್‌ಎಫ್, ಐಎಲ್-1, ಐಎಲ್-6 ಬಿಡತ್ತೆ, ಇನ್ನಷ್ಟು ಮ್ಯಾಕ್ರೋಫೇಜ್‌ಗಳು ಬರ್ತವೆ, ಅವೂ ನುಂಗ್ತವೆ, ಕೊನೆಗೆ ಸೆಲ್ ಸತ್ರೆ ಆ ಚೂರು ಹೊರಗೆ ಬಿದ್ದು ಇನ್ನೊಂದರ ಹೊಟ್ಟೆ ಸೇರತ್ತೆ. ವರ್ಷಗಟ್ಟಲೆ ಹೀಗೇ ನಡೀತಾ ಇದ್ರೆ ರ‍್ಯಾಂಕ್‌ಎಲ್ ಜಾಸ್ತಿಯಾಗಿ ಆಸ್ಟಿಯೋಕ್ಲಾಸ್ಟ್‌ಗಳು ಎದ್ದು ಇಂಪ್ಲಾಂಟ್ ಪಕ್ಕದ ಮೂಳೆನೇ ಕರಗಿಸ್ತವೆ, ಎಕ್ಸ್‌ರೇಯಲ್ಲಿ ಇಂಪ್ಲಾಂಟ್ ಸುತ್ತ ಕಪ್ಪು ಜಾಗ ಕಾಣತ್ತೆ, ರೋಗಿಗೆ ಎಷ್ಟೋ ಸಲ ಅಲ್ಲಿತನಕ ನೋವೇ ಇರಲ್ಲ. ಇದಕ್ಕೆ ಆಸ್ಟಿಯೋಲೈಸಿಸ್ ಅಂತಾರೆ. ಗಮನಿಸಿ, ಇದೇ ಪಾಲಿಎಥಿಲೀನ್ ದೊಡ್ಡ ತುಂಡಾಗಿದ್ರೆ ಮ್ಯಾಕ್ರೋಫೇಜ್ ಇಷ್ಟು ರೇಗಲ್ಲ, ವಸ್ತು ಒಂದೇ, ಸೈಜ್ ಬದಲಾದ್ರೆ ಉತ್ತರ ಬದಲು. 1990ರ ದಶಕದ ಕೊನೆಯಿಂದ ರೇಡಿಯೇಷನ್ ಕೊಟ್ಟು ಅಣುಗಳನ್ನ ಒಂದಕ್ಕೊಂದು ಹೆಣೆದ ಪಾಲಿಎಥಿಲೀನ್ ಬಂದ್ಮೇಲೆ ಸವೆತ ಬಹಳ ಇಳೀತು, ಅದರ ಜೊತೆ ಈ ತೊಂದರೆನೂ ಇಳೀತು.

ತುಂಡು ದೊಡ್ಡದಿದ್ರೆ ಏನು ಮಾಡ್ತವೆ ಹಾಗಾದ್ರೆ? ಒಂದೇ ಸೆಲ್‌ಗೆ ನುಂಗೋಕಾಗದೇ ಇದ್ರೆ ಹಲವು ಮ್ಯಾಕ್ರೋಫೇಜ್‌ಗಳು ಕೂಡಿ ದೈತ್ಯ ಸೆಲ್ ಆಗ್ತವೆ, ಇದಕ್ಕೆ ಐಎಲ್-4, ಐಎಲ್-13 ಸಿಗ್ನಲ್ ಬೇಕು. ಎಂ2 ಕಡೆ ತಿರುಗಿಸೋ ಸಿಗ್ನಲ್‌ಗಳೂ ಇವೇ ಅನ್ನೋದು ನೆನಪಿರಲಿ, ಅಂದ್ರೆ ಎಂ2 ವಿಪರೀತ ಆದ್ರೂ ಕಷ್ಟ. ಫೈಬ್ರೋಬ್ಲಾಸ್ಟ್ ಅನ್ನೋ ನಾರು ಕಟ್ಟೋ ಸೆಲ್‌ಗಳು ಬಂದು ಇಂಪ್ಲಾಂಟ್ ಸುತ್ತ ನಾರಿನ ಕವಚ ಹೆಣೆದುಬಿಟ್ರೆ ಮೂಳೆಗೂ ಲೋಹಕ್ಕೂ ಮಧ್ಯೆ ಮೆತ್ತನೆ ಪದರ ನಿಂತಂಗಾಯ್ತು, ಆ ಇಂಪ್ಲಾಂಟ್ ಭಾರ ಹೊರಲ್ಲ. ಇದಕ್ಕೆ ಅಲ್ಲಾಟನೂ ಕಾರಣ ಆಗತ್ತೆ: ಮೂಳೆ ಮತ್ತು ಇಂಪ್ಲಾಂಟ್ ನಡುವೆ ಸುಮಾರು 150 ಮೈಕ್ರಾನ್‌ಗಿಂತ ಜಾಸ್ತಿ ಜರುಗಾಟ ಇದ್ರೆ ಅಲ್ಲಿ ಮೂಳೆ ಬದಲು ನಾರು ಬೆಳೆಯೋ ಸಾಧ್ಯತೆನೇ ಹೆಚ್ಚು. ಹಲ್ಲಿನ ಇಂಪ್ಲಾಂಟ್ ಹಾಕಿದ ಮೂರ್ನಾಲ್ಕು ವಾರದ ಹೊತ್ತಿಗೆ ಹಳೇ ಮೂಳೆ ಕರಗ್ತಾ ಹೊಸದು ಇನ್ನೂ ಗಟ್ಟಿಯಾಗದೇ ಹಿಡಿತ ಸ್ವಲ್ಪ ಕಮ್ಮಿ ಆಗಿರತ್ತೆ, ಆ ದಿನಗಳಲ್ಲಿ ಗಟ್ಟಿ ಕಚ್ಚಬೇಡಿ ಅಂತ ಡೆಂಟಿಸ್ಟ್ ಹೇಳೋದು ಸುಮ್ನೆ ಅಲ್ಲ.

ಟಿ ಸೆಲ್‌ಗಳ ಬಗ್ಗೆ ಎರಡು ಮಾತು. ಇವು ಆಮೇಲೆ ಬರ್ತವೆ, ಆದ್ರೆ ಬಂದ್ಮೇಲೆ ಪ್ರಭಾವ ದೊಡ್ಡದು. ಗಾಮಾ-ಡೆಲ್ಟಾ ಅನ್ನೋ ಜಾತಿಯ ಟಿ ಸೆಲ್‌ಗಳು ಐಎಲ್-17 ಬಿಟ್ಟು ಮೂಳೆ ಕೂಡೋಕೆ ಸಹಾಯ ಮಾಡ್ತವೆ ಅಂತ ಇಲಿಗಳಲ್ಲಿ ಕಂಡಿದೆ, ಅದೇ ಐಎಲ್-17 ಸಂಧಿವಾತದಲ್ಲಿ ಮೂಳೆ ಹಾಳು ಮಾಡೋ ಗುಂಪಲ್ಲಿದೆ. ರೆಗ್ಯುಲೇಟರಿ ಟಿ ಸೆಲ್‌ಗಳು ಉರಿಯೂತ ತಣ್ಣಗಾಗಿಸ್ತವೆ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು 2013ರಲ್ಲಿ ತೋರಿಸಿದ್ದು ಏನಂದ್ರೆ, ಕಾಲು ಮೂಳೆ ಮುರಿದ ರೋಗಿಗಳಲ್ಲಿ ಯಾರ ರಕ್ತದಲ್ಲಿ ಹಳೇ ಸೋಂಕುಗಳನ್ನ ಕಂಡು ಪಳಗಿದ ಒಂದು ಬಗೆಯ ಸಿಡಿ8 ಟಿ ಸೆಲ್ ಜಾಸ್ತಿ ಇತ್ತೋ ಅವರಿಗೆ ಮೂಳೆ ಕೂಡೋದು ತಡ ಆಗಿತ್ತು. ಈ ಸೆಲ್‌ಗಳು ಮುರಿದ ಜಾಗದಲ್ಲೂ ಗುಂಪು ಸೇರಿ ಇಂಟರ್‌ಫೆರಾನ್-ಗಾಮಾ ಮತ್ತು ಟಿಎನ್‌ಎಫ್ ಬಿಟ್ಟು ಮೂಳೆ ಕಟ್ಟೋ ಸೆಲ್‌ಗಳನ್ನ ತಡೀತವೆ. ಅಂದ್ರೆ ಜೀವಮಾನದಲ್ಲಿ ದೇಹ ಎದುರಿಸಿದ ಸೋಂಕುಗಳ ಲೆಕ್ಕನೂ ಮೂಳೆ ಕೂಡೋ ವೇಗದಲ್ಲಿ ಸೇರ್ಕೊಂಡಿರತ್ತೆ.

ಇಷ್ಟೆಲ್ಲಾ ಗೊತ್ತಾದ್ಮೇಲೆ ಮೆಟೀರಿಯಲ್ ಮಾಡೋವ್ರ ಯೋಚನೆನೂ ಬದಲಾಗಿದೆ, ದೇಹದ ಕಣ್ಣು ತಪ್ಪಿಸೋ ಪ್ರಯತ್ನ ಬಿಟ್ಟು ಇಮ್ಯೂನ್ ಸೆಲ್‌ಗಳಿಗೆ ಸರಿಯಾದ ಸೂಚನೆ ಕೊಡೋ ವಸ್ತು ಮಾಡೋಣ ಅಂತ. ಟೈಟೇನಿಯಂ ಮೈಯನ್ನ ಮರಳು ಚಿಮ್ಮಿಸಿ ಒರಟು ಮಾಡಿ ಆಸಿಡ್‌ನಲ್ಲಿ ಅದ್ದಿ, ಮೇಲಿಂದ ನೀರು ಹಿಡಿಯೋ ಗುಣ ಉಳಿಯೋ ಹಾಗೆ ಮಾಡಿದ್ರೆ ಅದರ ಮೇಲೆ ಕೂತ ಮ್ಯಾಕ್ರೋಫೇಜ್‌ಗಳು ಉರಿಯೂತದ ಸಿಗ್ನಲ್ ಕಮ್ಮಿ ಬಿಟ್ಟು ರಿಪೇರಿ ಕಡೆ ಬೇಗ ವಾಲ್ತವೆ, ನುಣುಪು ಟೈಟೇನಿಯಂ ಮೇಲೆ ಹಾಗಾಗಲ್ಲ. ಹೊಸ ಮೂಳೆ ಒಳಗೆ ಬೆಳೆಯೋಕೆ ಇಡೋ ತೂತುತೂತಾದ ಚೌಕಟ್ಟಿನಲ್ಲಿ, ಅಂದ್ರೆ ಸ್ಕ್ಯಾಫೋಲ್ಡ್‌ನಲ್ಲಿ, ತೂತುಗಳ ಅಳತೆ ಸುಮಾರು 300 ಮೈಕ್ರಾನ್ ಆಸುಪಾಸು ಇದ್ರೆ ರಕ್ತನಾಳ ಒಳಗೆ ನುಗ್ಗೋಕೆ ಅನುಕೂಲ. ಮೆಗ್ನೀಷಿಯಂ, ಸ್ಟ್ರಾನ್ಷಿಯಂ, ಸತು ಥರದ ಅಯಾನ್‌ಗಳನ್ನ ನಿಧಾನಕ್ಕೆ ಬಿಡೋ ಮೆಟೀರಿಯಲ್‌ಗಳು ಉರಿಯೂತವನ್ನ ತಗ್ಗಿಸ್ತವೆ ಅಂತ ಲ್ಯಾಬ್‌ಗಳಲ್ಲಿ ಕಾಣ್ತಿದೆ, ಪ್ರಮಾಣ ತಪ್ಪಿದ್ರೆ ಅವೇ ಸೆಲ್‌ಗಳಿಗೆ ವಿಷ. ಇನ್ನೂ ಒಂದು ಜಾಣ ಪ್ರಯೋಗ ನಡೆದಿದೆ: ಮೂಳೆಯಿಂದ ಮಾಡಿದ ಸ್ಕ್ಯಾಫೋಲ್ಡ್‌ಗೆ ಎರಡು ಸಿಗ್ನಲ್ ತುಂಬಿದ್ರು, ಮೊದಲ ದಿನಗಳಲ್ಲಿ ಬೇಗ ಹೊರಬಂದು ಎಂ1 ಎಬ್ಬಿಸೋಕೆ ಇಂಟರ್‌ಫೆರಾನ್-ಗಾಮಾ, ಆಮೇಲೆ ನಿಧಾನಕ್ಕೆ ಬಿಡುಗಡೆಯಾಗಿ ಎಂ2ಗೆ ತಿರುಗಿಸೋಕೆ ಐಎಲ್-4. ದೇಹದ ಟೈಮ್‌ಟೇಬಲ್ಲನ್ನೇ ಮೆಟೀರಿಯಲ್ ಒಳಗೆ ಬರೆಯೋ ಈ ಯೋಚನೆ ನನಗೆ ಬಹಳ ಸರಿ ಅನ್ಸತ್ತೆ, ಆಸ್ಪತ್ರೆಗೆ ಬರೋಕೆ ಇನ್ನೂ ದೂರ ಇದ್ರೂ.

ಇಂಪ್ಲಾಂಟ್ ಹಾಕಿಸ್ಕೊಳ್ಳೋವ್ರಿಗೆ ಸಂಬಂಧಪಟ್ಟಿದ್ದೂ ಇದರಲ್ಲಿದೆ. ಶುಗರ್ ಕಂಟ್ರೋಲ್‌ನಲ್ಲಿ ಇಲ್ಲದೇ ಇದ್ರೆ ಮ್ಯಾಕ್ರೋಫೇಜ್‌ಗಳು ಉರಿಯೂತದ ಹಂತದಲ್ಲೇ ಸಿಕ್ಕಿಹಾಕ್ಕೊಳ್ತವೆ, ಸಿಗರೇಟ್ ರಕ್ತನಾಳಗಳನ್ನ ಕುಗ್ಗಿಸಿ ಇಮ್ಯೂನ್ ಸೆಲ್‌ಗಳ ಕೆಲಸ ಕೆಡಿಸತ್ತೆ, ಡಾಕ್ಟರ್ ಆಪರೇಷನ್‌ಗೆ ಮುಂಚೆ ಇವೆರಡರ ಬಗ್ಗೆ ಅಷ್ಟು ಒತ್ತಿ ಹೇಳೋದು ಅದಕ್ಕೇ. ಇಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳು ಆ ಕಾಕ್ಸ್ ಎಂಜೈಮನ್ನೇ ತಡೆಯೋವು, ಪ್ರಾಣಿಗಳಲ್ಲಿ ಅವು ಮೂಳೆ ಕೂಡೋದನ್ನ ನಿಧಾನ ಮಾಡಿದ್ದು ಸ್ಪಷ್ಟ, ಮನುಷ್ಯರಲ್ಲಿ ಕೆಲವೇ ದಿನ ತಗೊಂಡ್ರೆ ಎಷ್ಟು ವ್ಯತ್ಯಾಸ ಆಗತ್ತೆ ಅನ್ನೋದ್ರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಅದೇ ಗುಂಪಿನ ಇಂಡೋಮೆಥಾಸಿನ್ ಅನ್ನ ಸೊಂಟದ ಆಪರೇಷನ್ ಆದ್ಮೇಲೆ ಬೇಡದ ಕಡೆ ಮೂಳೆ ಬೆಳೆಯೋದನ್ನ ತಡೆಯೋಕೇ ಕೊಡ್ತಾರೆ, ಅಂದ್ರೆ ಪರಿಣಾಮ ಇದೆ ಅಂತ ಅರ್ಥ. ಅದಕ್ಕೆ ಮಾತ್ರೆ ತಾವಾಗೇ ನಿಲ್ಲಿಸೋದೂ ಬೇಡ, ತಾವಾಗೇ ತಿಂಗಳುಗಟ್ಟಲೆ ನುಂಗೋದೂ ಬೇಡ, ಆಪರೇಷನ್ ಮಾಡಿದವ್ರನ್ನೇ ಕೇಳಿ. ಸೋಂಕಿನ ವಿಷಯ ಬೇರೆ ಲೇಖನಕ್ಕೇ ಆಗೋಷ್ಟಿದೆ, ಇಲ್ಲಿ ಇಷ್ಟು ಸಾಕು: ಇಂಪ್ಲಾಂಟ್ ಮೈಗೆ ದೇಹದ ಸೆಲ್ ಮೊದಲು ಅಂಟತ್ತಾ ಬ್ಯಾಕ್ಟೀರಿಯಾ ಮೊದಲು ಅಂಟತ್ತಾ ಅನ್ನೋ ಪೈಪೋಟಿ ಮೊದಲ ಗಂಟೆಗಳಲ್ಲೇ ನಡೆಯತ್ತೆ, ಉರಿಯೂತ ಪೂರ್ತಿ ಅಡಗಿಸಿಬಿಟ್ರೆ ಆ ಪೈಪೋಟಿಯಲ್ಲಿ ಸೋಲೋದು ನಾವೇ.

ಈಗಿರೋ ದೊಡ್ಡ ತೊಡಕು ಲ್ಯಾಬ್ ಇಲಿಗಳದ್ದು. ರೋಗಾಣು ಇಲ್ಲದ ಸ್ವಚ್ಛ ಪಂಜರದಲ್ಲಿ ಬೆಳೆದ ಎಳೆ ಇಲಿಗೆ ಸೋಂಕಿನ ಅನುಭವನೇ ಇರಲ್ಲ, ಅದರ ಇಮ್ಯೂನ್ ಸಿಸ್ಟಮ್ ಹೆಚ್ಚುಕಮ್ಮಿ ಹಸುಗೂಸಿನದ್ದು. ಹೊಸ ಮೆಟೀರಿಯಲ್‌ಗಳಲ್ಲಿ ಬಹಳಷ್ಟು ಟೆಸ್ಟ್ ಆಗೋದು ಇಂಥಾ ಇಲಿಗಳಲ್ಲಿ, ಕೀಲು ಹಾಕಿಸ್ಕೊಳ್ಳೋದು ಎಪ್ಪತ್ತು ವರ್ಷದಲ್ಲಿ ನೂರೆಂಟು ಜ್ವರ ಕಂಡ ಮನುಷ್ಯ. ಬರ್ಲಿನ್ನಿನ ಅದೇ ಗುಂಪು, ಸೋಂಕುಗಳನ್ನ ಕಂಡ ಇಲಿಗಳಲ್ಲಿ ಮೂಳೆ ಕೂಡೋದು ಅಷ್ಟು ಚೆನ್ನಾಗಿ ಆಗಲ್ಲ ಅಂತ ತೋರಿಸಿದೆ. ಅದಕ್ಕೇ ಈಗ ವಯಸ್ಸಾದ ಪ್ರಾಣಿಗಳಲ್ಲಿ, ಸಾಧಾರಣ ಪಂಜರದಲ್ಲಿ ಬೆಳೆದವುಗಳಲ್ಲಿ, ಮನುಷ್ಯರ ರಕ್ತದಿಂದಲೇ ತೆಗೆದ ಮ್ಯಾಕ್ರೋಫೇಜ್‌ಗಳ ಮೇಲೆ ಮೆಟೀರಿಯಲ್ ಪರೀಕ್ಷೆ ಮಾಡೋಕೆ ಶುರು ಮಾಡಿದ್ದಾರೆ, ಆಪರೇಷನ್‌ಗೆ ಮುಂಚೆ ಒಂದು ರಕ್ತಪರೀಕ್ಷೆಯಲ್ಲಿ ಆ ಪಳಗಿದ ಸಿಡಿ8 ಸೆಲ್‌ಗಳ ಪ್ರಮಾಣ ನೋಡಿ ಯಾರಿಗೆ ಮೂಳೆ ತಡವಾಗಿ ಕೂಡಬಹುದು ಅಂತ ಮೊದಲೇ ಅಂದಾಜು ಮಾಡೋ ಕೆಲಸನೂ ನಡೀತಿದೆ.